ಜರ್ಮನಿಯ ಖಣಿಯಲ್ಲಿ ಅಪ್ಪನ ಅಳತೆ ಕಲ್ಲು

ವಾಡಿ ಸ್ಟೇಷನ್

ಜರ್ಮನಿಯಿಂದ ಬಂದು ಹನ್ನೊಂದು ದಿನವಾಯಿತು. ಸಿಟ್ಟು ಇನ್ನೂ ಇಳಿದಿಲ್ಲ. "ಅಕ್ಕಾ ಫೋಟೊ ಹಾಕಿ", "ಮೇಡಂ ಚಾಕಲೇಟ್ ತಂದಿರಾ" ಎಂದು ದಿನಾ ಕೇಳುತ್ತಿದ್ದೀರಲ್ಲ, ಫೋಟೊ ಇಲ್ಲ, ಚಾಕಲೇಟನ್ನು ಅಣ್ಣ ಸೊಲ್ಲಾಪುರ ದಾಟುವುದರೊಳಗೆ ತಿಂದು ಮುಗಿಸಿದ. ಕಥೆ ಇದೆ, ಅದನ್ನು ಓದಿ. ಓದಿದ ಮೇಲೆ ನಿಮ್ಮಲ್ಲಿ ಕೆಲವರಿಗೆ ನಾಚಿಕೆಯೂ ಆಗಲಿ. ಇದರಲ್ಲಿ ನಿಮ್ಮ ಪಾಲೂ ಇದೆ.

ಹೊಸಬರಿಗಾಗಿ ಹೇಳುತ್ತೇನೆ. ನನ್ನ ಹೆಸರು ಸುಜಾತಾ. ಮನೆ ಚಿತ್ತಾಪುರ, ಕೆಲಸ ಸೇಡಂ ಕಡೆ ಹೊಲ ಅಳೆಯುವುದು. ಸರ್ವೆಯರ್. ರಜೆ ದಿನ ಒಂದು ಆಟ ಆಡುತ್ತೇನೆ, ಜಿಯೋಕ್ಯಾಶಿಂಗ್ ಅಂತ. ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶವನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ. ನಾವು ಜಿಪಿಎಸ್ ಹಿಡಿದು ಹುಡುಕಬೇಕು. ಸಿಕ್ಕರೆ ಒಳಗಿರುವ ಸಣ್ಣ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. "ಹೊಲದಾಗ ಹುಡುಕೋದು ಸಾಲ್ದೇನು, ಐತ್ವಾರನೂ ಹುಡುಕ್ತಿ?" ಎಂದು ಅಣ್ಣ ನಗುತ್ತಾನೆ. ನಗಲಿ.

ನನ್ನ ಜಿಪಿಎಸ್ ಹಳೆಯದು. ಅಂಗೈಯಷ್ಟಿದೆ, ಹಳದಿ ಮೈ, ಬೂದು ಪರದೆ, ಪಕ್ಕದಲ್ಲಿ ಗುಂಡಿಗಳು, ಹೊಟ್ಟೆಯಲ್ಲಿ ಎರಡು ಪೆನ್ಸಿಲ್ ಸೆಲ್. ಬಿಸಿಲಲ್ಲಿ ಚೆನ್ನಾಗಿ ಕಾಣುತ್ತದೆ, ಬಿದ್ದರೆ ಒಡೆಯುವುದಿಲ್ಲ. ಆದರೆ ಅದಕ್ಕೆ ಗೊತ್ತಿರುವುದು ಜಾಗ ಒಂದೇ. ಡಬ್ಬಿಯ ಬಗ್ಗೆ ಇಟ್ಟವನು ಬರೆದ ವಿವರ, ಸುಳಿವು, ಹಿಂದೆ ಹೋದವರ ಅನುಭವ, ಇವನ್ನೆಲ್ಲ ನಾನು ಪ್ರಿಂಟ್ ತೆಗೆದು ಕ್ಲಿಪ್ ಹಾಕಿ ಒಯ್ಯುತ್ತಿದ್ದೆ. ಸರ್ವೆಯರ್ ಜಾತಿಯೇ ಅದು. ಹೊಲದ ಬದುವಿನಲ್ಲಿ ನಿಂತು ಕಾಗದದ ಮೇಲೆ ಬರೆದದ್ದಷ್ಟೇ ನಿಜ, ಉಳಿದದ್ದು ನೆನಪು.

ಅಂಥ ನಾನು ಈ ಸಲ ಕಾಗದ ಬಿಟ್ಟೆ. ಆಟದ ಗುಂಪಿನಲ್ಲಿ ಯಾರೋ "ಇನ್ನೂ ಪ್ರಿಂಟ್ ತೆಗೆಯುತ್ತೀರಾ ಆಂಟಿ" ಎಂದ. ಆ 'ಆಂಟಿ'ಗೆ ರೇಗಿತು. ಎರಡು ರಾತ್ರಿ ಕೂತು, ಆ ಮಷೀನಿನ ವಿಚಿತ್ರ ಕೇಬಲ್ ಹುಡುಕಿ, ಕಂಪ್ಯೂಟರಿಗೆ ಹಚ್ಚಿ, ಎಲ್ಲ ವಿವರವನ್ನೂ ಅದರೊಳಗೇ ತುಂಬಿದೆ. ಪರೀಕ್ಷೆಗೆ ಮಳಖೇಡದ ಡಬ್ಬಿಯೊಂದನ್ನು ತೆರೆದು ನೋಡಿದೆ. "ಕಮಾನಿನ ಎಡಗಡೆ" ಎಂಬ ಸುಳಿವು ಪೂರ್ತಿ ಬಂತು. ಆಯಿತಲ್ಲ ಎಂದುಕೊಂಡೆ.

ಆಮೇಲೆ ವಾಡಿಯಲ್ಲಿ ಮುಂಬೈ ಗಾಡಿಗೆ ಕಾಯುತ್ತ, ಅಣ್ಣನ ಕೈಗೆ ಮೊಬೈಲ್ ಕೊಟ್ಟು, ಜರ್ಮನಿಯ ಪ್ರಿಂಟುಗಳನ್ನು ಒಂದೊಂದಾಗಿ ಹರಿದು ವಿಡಿಯೊ ಮಾಡಿಸಿದೆ. 'ಇಂದಿನಿಂದ ನಾನು ಪೇಪರ್‌ಲೆಸ್.' ನೀವೆಲ್ಲ ನೋಡಿದ್ದೀರಿ, ಹೃದಯ ಒತ್ತಿದ್ದೀರಿ, 'ಸೂಪರ್ ಅಕ್ಕಾ' ಎಂದಿದ್ದೀರಿ. ಒಬ್ಬರಾದರೂ "ಒಂದು ಪ್ರತಿ ಇಟ್ಟುಕೊಳ್ಳಿ" ಎಂದಿರಾ?

ಚಹಾದವನೊಬ್ಬನೇ ಬುದ್ಧಿಯ ಮಾತು ಆಡಿದ್ದು. "ಏನ್ರೀ ಮೇಡಂ, ಹರದ್ ಹರದ್ ಒಗೀಲಿಕತ್ತೀರಿ. ಪ್ರೇಮಪತ್ರ ಏನ್ರಿ?"

"ನಲವತ್ತೇಳರಾಗ ಈಕಿಗಿ ಯಾರ್ ಬರೀತಾರೋ ಮಾರಾಯಾ," ಎಂದ ಅಣ್ಣ.

"ಬರದವ್ರು ಇರ್ಲಿ ಬಿಡ್ರಿ. ಹರದಿದ್ದು ಬೇಕಾದಾಗ ಹೊಳ್ಳಿ ಹಚ್ಚಲಿಕ್ಕ ಬರಂಗಿಲ್ಲ ನೋಡ್ರಿ," ಎಂದು ಅವನು ಕೆಟಲ್ ಎತ್ತಿಕೊಂಡು ಹೋದ.

ಮಳಖೇಡ, ಆರು ವರ್ಷದ ಹಿಂದೆ

ಜರ್ಮನಿಗೆ ಯಾಕೆ ಹೋದೆ ಎಂದು ಹೇಳದಿದ್ದರೆ ನಿಮಗೆ ನನ್ನ ಸಿಟ್ಟು ತಿಳಿಯುವುದಿಲ್ಲ.

ನಮ್ಮಪ್ಪ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಮೂವತ್ತು ವರ್ಷ ಪರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ತೆಗೆದವನು. ನಿಮ್ಮ ಮನೆಯ ನೆಲದಲ್ಲಿ ನೀಲಿ ಬೂದು ಹಾಸುಗಲ್ಲು ಇದ್ದರೆ ಅದರಲ್ಲಿ ಒಂದಾದರೂ ಅಪ್ಪನ ಕೈಯದಿರಬಹುದು. ಅವನ ಜೇಬಿನಲ್ಲಿ ಯಾವಾಗಲೂ ಹೆಬ್ಬೆರಳಿನಷ್ಟು ಉದ್ದದ ಒಂದು ಕಲ್ಲಿನ ಚೂರು ಇರುತ್ತಿತ್ತು. ಅದರ ಅಂಚಿನಲ್ಲಿ ಉಳಿಯಿಂದ ಎಳೆದ ಎರಡು ಗೆರೆ. ಒಂದು ಇಂಚಿಗೆ ಒಂದು, ಒಂದೂವರೆ ಇಂಚಿಗೆ ಇನ್ನೊಂದು. ಪರ್ಸಿಯ ಅಂಚಿಗೆ ಅದನ್ನು ಒತ್ತಿ ಹಿಡಿದು ದಪ್ಪ ನೋಡುತ್ತಿದ್ದ.

ಕೆಲಸ ಬಿಟ್ಟ ಮೇಲೆ ಅದು ಅಣ್ಣನ ಮನೆಯ ಗೋಡೆಯ ಗೂಡಿನಲ್ಲಿ, ಹಳೆ ಕನ್ನಡಕದ ಪಕ್ಕ ಬಿದ್ದಿತ್ತು. ಆರು ವರ್ಷದ ಹಿಂದೆ ಒಂದು ದಿನ ನಾನು ಅದನ್ನು ನೋಡಿದೆ. ಚಂದದ ಕಲ್ಲು, ಮುಟ್ಟಿ ಮುಟ್ಟಿ ನುಣುಪಾಗಿದೆ. ಈ ಆಟದಲ್ಲಿ ಇನ್ನೊಂದು ಪದ್ಧತಿ ಇದೆ. ಒಂದು ಸಾಮಾನಿಗೆ ನಂಬರಿನ ಬಿಲ್ಲೆ ಕಟ್ಟಿ ಡಬ್ಬಿಯಲ್ಲಿ ಹಾಕಿದರೆ, ಸಿಕ್ಕವರು ಅದನ್ನು ಒಯ್ದು ಇನ್ನೊಂದು ಡಬ್ಬಿಯಲ್ಲಿ ಹಾಕುತ್ತಾರೆ. ಹಾಗೆ ಅದು ಊರೂರು ತಿರುಗುತ್ತದೆ, ಎಲ್ಲಿದೆ ಎಂದು ನಾವು ಮನೆಯಲ್ಲೇ ಕೂತು ನೋಡಬಹುದು. ಶಹಾಬಾದ್ ಕಲ್ಲು ಲೋಕ ಸುತ್ತಲಿ ಎಂದು ಅದಕ್ಕೆ ತಂತಿಯಿಂದ ಬಿಲ್ಲೆ ಕಟ್ಟಿ, ಮಳಖೇಡದ ಕೋಟೆಯಲ್ಲಿ ಬಚ್ಚಿಟ್ಟ ಡಬ್ಬಿಗೆ ಹಾಕಿದೆ. ಅಪ್ಪನನ್ನು ಕೇಳಲಿಲ್ಲ. ಮೂಲೆಗೆ ಬಿದ್ದ ಸಾಮಾನಿಗೆ ಏನು ಕೇಳುವುದು ಎಂದುಕೊಂಡೆ.

ಒಂದು ವಾರದ ಮೇಲೆ ಅಪ್ಪ ಗೂಡು ತಡಕಿದ. ನಾನು ಹೆಮ್ಮೆಯಿಂದಲೇ ಹೇಳಿದೆ. ಅಪ್ಪ ಅಣ್ಣನ ಕಡೆ ತಿರುಗಿ ಅಂದದ್ದು ಇಷ್ಟು: "ಮಂದಿ ಹೊಲ ಅಳ್ಯಾಕಿ. ಮನ್ಯಾಗಿನ ಅಳತಿ ಗುರ್ತ ಸಿಗಲಿಲ್ಲ. ಅದು ಹೊಳ್ಳಿ ಬರೂತನ ಈಕಿ ಸಂಗಟ ನನಗ ಮಾತಿಲ್ಲ."

ಓಡಿ ಮಳಖೇಡಕ್ಕೆ ಹೋದೆ. ಸೈಕಲ್ ಮೇಲೆ ದೇಶ ನೋಡುತ್ತಿದ್ದ ಯಾರೋ ಪರದೇಶದ ಗಂಡಹೆಂಡತಿ ಆಗಲೇ ಒಯ್ದಿದ್ದರು. ಕಲ್ಲು ಕೊಲಂಬೊ ನೋಡಿತು, ವಿಯೆನ್ನಾ ನೋಡಿತು, ಕೊನೆಗೆ ಬವೇರಿಯಾದ ಒಂದು ಕಲ್ಲಿನ ಊರಿನ ಡಬ್ಬಿಯಲ್ಲಿ ಕೂತುಬಿಟ್ಟಿತು. ಆರು ವರ್ಷ ಅಪ್ಪ ನನ್ನೊಡನೆ ಮಾತಾಡಲಿಲ್ಲ. ನಾನು ಹೋದರೆ ಅತ್ತಿಗೆಗೆ "ಚಿತ್ತಾಪುರದಾಕಿ ಬಂದಾಳ, ಚಾ ಹಾಕು" ಎನ್ನುತ್ತಿದ್ದ. ನನ್ನ ಮುಂದೆಯೇ. ಅಪ್ಪ ಸತ್ತಾನು, ಮಾತು ಹೊಳ್ಳಿ ಬರಲಿಕ್ಕಿಲ್ಲ ಎಂಬ ಹೆದರಿಕೆಯ ಜೊತೆ, ಒಂದು ಕಲ್ಲಿಗೆ ಇಷ್ಟಾ ಎಂಬ ಸಿಟ್ಟೂ ನನಗಿತ್ತು. ಎರಡೂ ಸೇರಿ ಆರು ವರ್ಷ ನನ್ನನ್ನು ತಿಂದವು.

ಹೋದ ಚಳಿಗಾಲದಲ್ಲಿ ಆ ಡಬ್ಬಿ ಇಟ್ಟವನು ಅದರ ಪುಟದಲ್ಲಿ ಬರೆದ ಒಂದು ಸಾಲು ಬೇಸಿಗೆಯಲ್ಲಿ ನನ್ನ ಕಣ್ಣಿಗೆ ಬಿತ್ತು: 'ಈ ಬೇಸಿಗೆ ಕೊನೆಗೆ ಡಬ್ಬಿ ತೆಗೆಯುತ್ತೇನೆ, ನನಗೆ ವಯಸ್ಸಾಯಿತು.' ಕಲ್ಲನ್ನು ಅಂಚೆಗೆ ಹಾಕಿ ಎಂದು ಮೂರು ಸಲ ಬರೆದೆ. ಉತ್ತರವಿಲ್ಲ. ಅಷ್ಟರಲ್ಲಿ ಕಲ್ಲಿನ ವ್ಯಾಪಾರಿಗಳ ತಂಡದ ಜೊತೆ ಜರ್ಮನಿಯ ಮೇಳವೊಂದಕ್ಕೆ ಹೋಗುವ ಅವಕಾಶ ಅಣ್ಣನಿಗೆ ಬಂತು. ಶಹಾಬಾದಿನಲ್ಲಿ ಅವನದು ಪರ್ಸಿ ಕೊಯ್ಯುವ, ಪಾಲಿಶ್ ಮಾಡುವ ಸಣ್ಣ ಕಾರ್ಖಾನೆ. ಅತ್ತಿಗೆ ಚಿಂಚೋಳಿ ಕಡೆಯ ಕೊಡ್ಲಿಯವಳು, ಊರು ಬಿಡುವವಳಲ್ಲ. "ನಾ ಒಲ್ಲೆ, ಸುಜಾತಕ್ಕನ್ನ ಕರ್ಕೊಂಡ್ ಹೋಗ್ರಿ. ಅಲ್ಲಿ ಮಾತಾಡ್ಲಿಕ್ಕ ಇಂಗ್ಲಿಷ್ ಬೇಕು, ಜಗಳಾಡ್ಲಿಕ್ಕ ಯಾರರ ಬೇಕು, ಎರಡೂ ಆಕಿಗಿ ಬರ್ತಾವ," ಎಂದು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು.

ಮೇಳದ ಊರು

ವಿಮಾನ ಇಳಿದು ಮಷೀನ್ ಹಚ್ಚಿದರೆ ಅದು ತಾನಿನ್ನೂ ಚಿತ್ತಾಪುರದಲ್ಲೇ ಇದ್ದೇನೆ ಎಂದು ಹಟ ಹಿಡಿಯಿತು. ಹೊಸ ಆಕಾಶದ ಉಪಗ್ರಹ ಹುಡುಕಲು ಹಳೆ ಮಷೀನಿಗೆ ಹೊತ್ತು ಬೇಕು. ಬಸ್ ನಿಲ್ದಾಣದಲ್ಲಿ ಅದನ್ನು ಮೇಲೆತ್ತಿ ಹಿಡಿದು ಇಪ್ಪತ್ತು ನಿಮಿಷ ನಿಂತೆ. ಅಣ್ಣ ಹತ್ತು ಹೆಜ್ಜೆ ದೂರ ಹೋಗಿ, ನಾನು ಯಾರೋ ಎಂಬಂತೆ ನಿಂತ.

ಮೇಳದ ಬಗ್ಗೆ ಹೇಳುವುದೇನೂ ಇಲ್ಲ. ಹೊಳೆಯುವ ಕಲ್ಲು, ಹೊಳೆಯುವ ಬೂಟು. ಆ ಜನರ ಅಭ್ಯಾಸಗಳಲ್ಲಿ ಒಂದು ಮಾತ್ರ ತಲೆಯಲ್ಲಿ ಉಳಿದಿದೆ. ರಸ್ತೆಯಲ್ಲಿ ಒಂದು ಗಾಡಿ ಇಲ್ಲ, ನಾಯಿಯೂ ಇಲ್ಲ, ಆದರೂ ಕೆಂಪು ದೀಪ ಇದ್ದರೆ ನಿಲ್ಲುತ್ತಾರೆ. ಅಣ್ಣ ದಾಟಿಬಿಟ್ಟ. ಈ ಕಡೆ ನಿಂತಿದ್ದ ಒಬ್ಬ ಹೆಂಗಸು ತನ್ನ ಮಗುವಿಗೆ ಅವನನ್ನು ಬೊಟ್ಟು ಮಾಡಿ ಏನೋ ಹೇಳಿದಳು.

"ಏನಂದಳಾಕಿ?"

"ಹಿಂಗ ಆಗಬ್ಯಾಡ ಅಂದಿರ್ಬೇಕು," ಎಂದೆ.

"ಅನ್ಲಿ. ನಮ್ಮ ಬಸ್ ಸ್ಟ್ಯಾಂಡ್ ಮುಂದ ಈಕಿನ್ನ ನಿಂದ್ರಸು, ಗಾಡಿ ನಿಂತ ಮ್ಯಾಲ ದಾಟ್ತೀನಂತ ಸಂಜಿತನ ಅಲ್ಲೇ ನಿಂತಿರ್ತಾಳ."

ಕಲ್ಲಿನ ಊರು, ಶನಿವಾರ

ಮೇಳ ಮುಗಿದ ಮೇಲೆ ತಂಡದವರೆಲ್ಲ ಊರು ನೋಡಲು ಹೋದರು. ನಾವಿಬ್ಬರು ರೈಲು ಹತ್ತಿ, ಬಸ್ಸು ಹತ್ತಿ ಆ ಹಳ್ಳಿಗೆ ಹೋದೆವು. ಇಳಿದ ಕೂಡಲೇ ಅಣ್ಣನ ಮುಖ ಬದಲಾಯಿತು. ಮನೆಯ ನೆಲ ಕಲ್ಲು, ಮೆಟ್ಟಿಲು ಕಲ್ಲು, ಮಾಡಿನ ಮೇಲೂ ತೆಳ್ಳಗೆ ಸೀಳಿದ ಹಾಸುಗಲ್ಲು. ಬಣ್ಣ ಮಾತ್ರ ಬೇರೆ. ನಮ್ಮದು ನೀಲಿ ಬೂದು, ಅವರದು ಕೆನೆಹಾಲು. ಊರಾಚೆ ಖಣಿಗಳು, ಗುಡ್ಡಗುಡ್ಡವಾಗಿ ಬಿದ್ದ ಒಡಕಲ್ಲು.

"ಸುಜಿ, ಶಹಾಬಾದಿಗಿ ಸುಣ್ಣ ಹಚ್ಚ್ಯಾರ ನೋಡು," ಎಂದ.

ಉಳಿಯಲು ಹಿಡಿದ ಮನೆಯಲ್ಲಿ ಅಣ್ಣ ಬೂಟು ಕಳಚುವುದಕ್ಕೂ ಮುಂಚೆ ನೆಲಕ್ಕೆ ಕೂತು ಬೆರಳ ಗಂಟಿನಿಂದ ಬಡಿಯತೊಡಗಿದ. ಟಣ್, ಟಣ್. ಮನೆಯ ಯಜಮಾನಿ ಗಾಬರಿಯಾಗಿ ನೋಡಿದಳು. ಕಲ್ಲಿನವರ ಮನೆಯಲ್ಲಿ ಬೆಳೆದ ನನಗೆ ಇದು ಹೊಸದಲ್ಲ. ಕಲ್ಲು ಚೆನ್ನಾಗಿದ್ದರೆ ಗಂಟೆಯ ಹಾಗೆ ಟಣ್ ಎನ್ನುತ್ತದೆ, ಒಳಗೆ ಬಿರುಕೋ ಪೊಳ್ಳೋ ಇದ್ದರೆ ಭದ್ ಎನ್ನುತ್ತದೆ. ಶಹಾಬಾದಿನವರು ಮದುವೆ ಮನೆಗೆ ಹೋದರೂ ಕೂರುವ ಮೊದಲು ನೆಲ ಬಡಿದು ನೋಡುತ್ತಾರೆ. ಯಜಮಾನಿಗೆ ಇಂಗ್ಲಿಷಿನಲ್ಲಿ ಹೇಳಿದೆ, ನಕ್ಕಳು. ಆಮೇಲೆ ಬೆರಳೆತ್ತಿ ಒಂದು ಮಾತು ಹೇಳಿದಳು. ನಾಳೆ ಭಾನುವಾರ. ಇಲ್ಲಿ ಭಾನುವಾರ ಯಾರೂ ಸದ್ದು ಮಾಡುವುದಿಲ್ಲ. ಹುಲ್ಲು ಕತ್ತರಿಸುವುದಿಲ್ಲ, ಮೊಳೆ ಹೊಡೆಯುವುದಿಲ್ಲ, ಖಾಲಿ ಬಾಟಲಿಯನ್ನು ತೊಟ್ಟಿಗೂ ಹಾಕುವುದಿಲ್ಲ.

ಅಣ್ಣನಿಗೆ ಹೇಳಿದೆ. "ಐತ್ವಾರ ಸುಮ್ನ ಕುಂದ್ರೋ ಊರ ಇದು," ಎಂದೆ.

"ಮತ್ತ ಲಗ್ನ ಯಾವಾಗ ಮಾಡ್ತಾರ?" ಎಂದ.

ಕಲ್ಲಿನ ಊರು, ಭಾನುವಾರ

ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಮಷೀನ್ ಬಾಣದ ಗುರುತು ತೋರಿಸಿತು. ಮೊಬೈಲಿನಲ್ಲಿ ಸಿಗ್ನಲ್ ಸತ್ತಿತ್ತು, ಅದನ್ನು ನೋಡಿ ನಾನು ಒಳಗೊಳಗೆ ಹಿಗ್ಗಿದೆ. ನೋಡು, ಹಳೆಯದೇ ಕೈ ಹಿಡಿಯುವುದು. ಆ ಹಿಗ್ಗು ನೆನೆಸಿಕೊಂಡರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಹಳೆ ಖಣಿಯ ಅಂಚಿನ ಕಾಲುದಾರಿಯಲ್ಲಿ ಬಾಣ ನಿಂತಿತು. ಅಲ್ಲಿ ಒಂದರ ಮೇಲೊಂದು ಮಲಗಿಸಿದ ಹಾಸುಗಲ್ಲಿನ ರಾಶಿ, ಸೊಂಟದೆತ್ತರ. ಪಕ್ಕದಲ್ಲೇ ಇಳಿಜಾರು, ಕೆಳಗೆ ಒಡಕಲ್ಲಿನ ತಿಪ್ಪೆ. ಅಣ್ಣ ರಾಶಿ ನೋಡಿ ಸಿಡುಕಿದ.

"ಯಾವ ಹುಚ್ಚ ಹಿಂಗ ಮಲಗಿಸ್ಯಾನ? ಪರ್ಸಿ ನಿಂದ್ರಸಿ ಇಡ್ತಾರೇನು, ಮಲಗಸಿ ಇಡ್ತಾರೇನು? ಭಾರ ಬಿದ್ದು ತೆಳಗಿಂದು ಎಲ್ಲಾ ಒಡೀತಾವ."

ನಾನು ಗುಂಡಿ ಒತ್ತಿ ಸುಳಿವು ತೆರೆದೆ. ಬೂದು ಪರದೆಯಲ್ಲಿ ಇಂಗ್ಲಿಷಿನಲ್ಲಿ ಇಷ್ಟೇ ಇತ್ತು: 'ಒಂದೊಂದು ಕಲ್ಲನ್ನೂ ಬಡಿದು ನೋಡಿ. ಸಪ್ಪಳ ಕೆಟ್ಟ ಕಲ್ಲು'. ಮುಂದೆ ಖಾಲಿ. ಇನ್ನೊಂದು ಗುಂಡಿ ಒತ್ತಿದೆ. ಖಾಲಿ. ಮೇಲೆ, ಕೆಳಗೆ, ಹಿಂದೆ. ಖಾಲಿ.

ಊರಿಗೆ ಬಂದ ಮೇಲೆ ಗೊತ್ತಾಯಿತು. ಆ ಕಾಲದ ಮಷೀನಿಗೆ ಒಂದೊಂದು ಜಾಗಕ್ಕೂ ಇಂತಿಷ್ಟೇ ಅಕ್ಷರ. ಅದಕ್ಕಿಂತ ಹೆಚ್ಚಾದರೆ ಜಾಗ ಸಾಲದು ಎಂದು ಹೇಳುವುದಿಲ್ಲ, ಕೂಗುವುದಿಲ್ಲ. ಬಾಲ ಕತ್ತರಿಸಿ ಎಸೆದು ಸುಮ್ಮನಾಗುತ್ತದೆ. ಮಳಖೇಡದ ಸುಳಿವು ಗಿಡ್ಡ ಇತ್ತು, ಹಿಡಿಸಿತ್ತು. ನಾನು ಓದಿದ ಮಾಹಿತಿಯಲ್ಲೇ ಇದು ಬರೆದಿತ್ತಂತೆ, ಮೂರನೇ ಪ್ಯಾರಾದಲ್ಲಿ. ನಾನು ಎರಡನೆಯದಕ್ಕೇ ಜಾಣಳಾಗಿದ್ದೆ. ಪೂರ್ತಿ ಸುಳಿವು ಇದ್ದ ಕಾಗದ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಚೂರುಚೂರಾಗಿತ್ತು.

"ಏನ್ ಬರದದ?" ಎಂದ ಅಣ್ಣ.

ಇದ್ದಷ್ಟು ಓದಿ ಹೇಳಿದೆ. "ಬಡದ್ ನೋಡ್ರಿ. ಸಪ್ಪಳ ಕೆಟ್ಟ ಕಲ್ಲು... ಮುಂದ ಕಾಣವಲ್ದು. ತಡಿ, ಸೆಲ್ ಬದಲಿ ಮಾಡ್ತೀನಿ."

"ಮುಂದ ಏನ್ ಇರ್ತದ? ಸಪ್ಪಳ ಕೆಟ್ಟಿದ್ದು ಒಗೀರಿ ಅಂತ ಇರ್ತದ. ಅದನ್ನ ಬರದ್ ಹೇಳ್ಬೇಕೇನು?"

ನಾನು ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತು ಸೆಲ್ ತೆಗೆದೆ, ಹಾಕಿದೆ, ಬಾಲ ಬರುತ್ತದೇನೋ ಎಂದು ಮತ್ತೆ ಮತ್ತೆ ಒತ್ತಿದೆ. ಬೆನ್ನ ಹಿಂದೆ ಅಣ್ಣ ಡಬ್ಬಿ ಹುಡುಕಲು ರಾಶಿ ಬಿಚ್ಚುತ್ತಿದ್ದ. ಒಂದೊಂದು ಹಾಸು ಎತ್ತುವುದು, ಬಡಿಯುವುದು, ಟಣ್, ಒಯ್ದು ದಂಡೆಗೆ ಒರಗಿಸಿ ನಿಲ್ಲಿಸುವುದು. ಟಣ್, ನಿಲ್ಲಿಸಿದ. ಟಣ್, ನಿಲ್ಲಿಸಿದ. ಆಮೇಲೆ ಭದ್. ಅದರ ಹಿಂದೆಯೇ ಅಣ್ಣನ ಬೈಗುಳ, ಒಂದು ಉಸಿರು, ಮತ್ತು ಕೆಳಗಿನ ತಿಪ್ಪೆಯಲ್ಲಿ ಧಡಾರ್. ಆ ಭಾನುವಾರದ ಊರಲ್ಲಿ ಅದು ಬಾಂಬಿನ ಹಾಗೆ ಕೇಳಿತು.

"ಏನಾತು?"

"ಒಂದ್ ಪೊಳ್ಳ ಇತ್ತು. ಮೂರ್ ಇಂಚ್ ದಪ್ಪ, ಒಳಗ ಏನೂ ಇಲ್ಲ. ಒಗದೆ."

ಐದು ನಿಮಿಷದಲ್ಲಿ ದಾರಿಯ ಆ ತುದಿಯಿಂದ ಒಬ್ಬ ಮುದುಕ ಬಂದ. ಬಂದ ಎಂದರೆ ಉರುಳಿ ಬಂದ. ಎಪ್ಪತ್ತೈದು ದಾಟಿದ ಮನುಷ್ಯ, ಅಗಲ ಭುಜ, ಬಲಗೈಯ ಒಂದು ಬೆರಳಿಗೆ ತುದಿ ಇಲ್ಲ. ಸಾಲಾಗಿ ನಿಂತ ಹಾಸುಗಲ್ಲು ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡ. ಆಮೇಲೆ ಜರ್ಮನ್ ಭಾಷೆಯಲ್ಲಿ ಶುರುಮಾಡಿದ. ಅಣ್ಣನೂ ಬಿಡಲಿಲ್ಲ.

"ಚೀರಬ್ಯಾಡ್ರಿ ಅಜ್ಜಾರ. ಮಲಗಿಸಿ ಇಟ್ಟಿದ್ರಿ, ನಿಂದ್ರಸೀನಿ. ಥ್ಯಾಂಕ್ಸ್ ಹೇಳೋದ್ ಬಿಟ್ಟು..."

ಮುದುಕ ರಾಶಿಯಲ್ಲಿ ಉಳಿದ ಕಲ್ಲುಗಳನ್ನು ಬಡಿಯತೊಡಗಿದ. ಬೆರಳ ಗಂಟಿನಿಂದ, ಎರಡು ಸಲ, ಆ ಕಡೆ ಈ ಕಡೆ, ಥೇಟ್ ಅಣ್ಣನ ಹಾಗೆ. ಟಣ್. ಟಣ್. ಟಣ್. ಹುಡುಕುತ್ತಿರುವುದು ಸಿಗದೆ ನಮ್ಮ ಕಡೆ ತಿರುಗಿ, ಒಡಕು ಇಂಗ್ಲಿಷಿನಲ್ಲಿ ಕೇಳಿದ. ಭದ್ ಎನ್ನುವ ಕಲ್ಲು ಎಲ್ಲಿ?

ಅಣ್ಣ ಇಳಿಜಾರಿನ ಕಡೆ ಕೈ ತೋರಿಸಿದ.

ಆ ಪೊಳ್ಳು ಕಲ್ಲೇ ಡಬ್ಬಿ. ಖಣಿಯಲ್ಲಿ ಬಾಳಿದ ಮುದುಕ, ಎರಡು ತೆಳು ಹಾಸಿನ ನಡುವೆ ಅಂಚು ಕಟ್ಟಿ, ಮೇಲಿನದನ್ನು ಮುಚ್ಚಳ ಮಾಡಿ, ಕಣ್ಣಿಗೆ ಒಂದೇ ಕಲ್ಲು ಎನಿಸುವಂತೆ ತಾನೇ ತಯಾರು ಮಾಡಿದ್ದ. ಸುಳಿವಿನ ಬಾಲ ಇಷ್ಟೇ ಇತ್ತು: 'ಅದೇ ಪೆಟ್ಟಿಗೆ, ಮೇಲಿನ ಹಾಸನ್ನು ಮೆಲ್ಲಗೆ ಎತ್ತಿ.'

ಇಡೀ ಭೂಮಿಯ ಮೇಲೆ ಕೆಟ್ಟ ಸಪ್ಪಳ ಕೇಳಿ ಆ ಕಲ್ಲನ್ನು ಕಣ್ಣು ಮುಚ್ಚಿ ತಿಪ್ಪೆಗೆ ಎಸೆಯುವ ಮನುಷ್ಯರು ಎಲ್ಲಿ ಸಿಗುತ್ತಾರೆ? ಶಹಾಬಾದಿನಲ್ಲಿ. ಅಂಥವನೊಬ್ಬನನ್ನು ನಾನೇ ಏಳು ಸಾವಿರ ಕಿಲೋಮೀಟರ್ ದೂರ ಕರೆದುಕೊಂಡು ಹೋಗಿದ್ದೆ.

ತಿಪ್ಪೆ

ಕುಂಡೆ ಊರಿಕೊಂಡು ಜಾರುತ್ತ ಇಳಿದೆ. ಪೆಟ್ಟಿಗೆ ಹತ್ತು ಹೋಳಾಗಿತ್ತು. ಹೆಸರು ಬರೆಯುವ ಪುಸ್ತಕ ಒಂದು ಕಡೆ, ಪ್ಲಾಸ್ಟಿಕ್ ಬೊಂಬೆ ಒಂದು ಕಡೆ. ನಮ್ಮ ನಂಬರಿನ ಬಿಲ್ಲೆ ತಂತಿಯ ಸಮೇತ ಸಿಕ್ಕಿತು. ತಂತಿಯಲ್ಲಿ ಕಲ್ಲಿರಲಿಲ್ಲ.

ಈಗ ನೀವೇ ಯೋಚಿಸಿ. ಕಲ್ಲಿನ ಚೂರುಗಳ ಗುಡ್ಡದಲ್ಲಿ ಹೆಬ್ಬೆರಳಿನಷ್ಟು ಒಂದು ಕಲ್ಲಿನ ಚೂರು. ಎಲ್ಲದರ ಮೇಲೂ ಬಿಳಿ ಧೂಳು, ಎಲ್ಲದಕ್ಕೂ ಒಂದೇ ಬಣ್ಣ. ನಾನು ಅಳಲಿಲ್ಲ. ಅಣ್ಣನ ಕಡೆ ತಿರುಗಿ ಆ ಖಣಿ ಕೇಳುವಂತೆ ಕೂಗಿದೆ.

"ಆರ್ ವರ್ಷಾತು ಅಪ್ಪ ನನ್ ಮಾರಿ ನೋಡಿ! ಒಂದ್ ನಿಮಿಷ ಕೈ ಕಟ್ಕೊಂಡ್ ನಿಂದ್ರಲಿಕ್ಕ ಆಗಲಿಲ್ಲೇನು ನಿನಗ?"

"ನನಗ ಹೇಳಬೇಕಾಗಿತ್ತು! ಅರ್ಧ ಓದಿದ್ರ ನಾ ಅರ್ಧನೇ ಕೇಳ್ತೀನಿ! ಕಾಗದ ಹರದಾಕಿ ಯಾರು? ನನ್ ಕೈಲಿ ವಿಡಿಯೊ ಬ್ಯಾರೆ ಹಿಡಸ್ದಿ!"

ಕೈಯಲ್ಲಿದ್ದ ಹಳದಿ ಮಷೀನನ್ನು ಕಲ್ಲಿಗೆ ಎಸೆದೆ. ಬಿದ್ದರೆ ಒಡೆಯುವುದಿಲ್ಲ ಎಂದೆನಲ್ಲ, ಒಡೆಯಲಿಲ್ಲ. ಪುಟಿದು ಬಂದು, ಇನ್ನೂ ಬಾಣ ತೋರಿಸುತ್ತ, ನೀನು ಸರಿಯಾದ ಜಾಗದಲ್ಲೇ ಇದ್ದೀ ಎಂದು ಹೇಳಿತು.

ಮುದುಕ ಮೇಲಿನಿಂದ ಎಲ್ಲ ನೋಡುತ್ತಿದ್ದ. ಅವನ ಹೆಸರು ಯೋಸೆಫ್. ನಾನು ಬಿಲ್ಲೆ ತೋರಿಸಿ, ಬೆರಳ ಅಳತೆ ತೋರಿಸಿ, 'ಅಪ್ಪನದು' ಎಂದೆ. ಅವನಿಗೆ ತಕ್ಷಣ ಗೊತ್ತಾಯಿತು. ಎರಡು ಗೆರೆಯ ಬೂದು ಕಲ್ಲು! ಏನದು ಎಂದು ಬಹಳ ಸಲ ಯೋಚಿಸಿದ್ದನಂತೆ. ಮೂರು ಸಲ ಬರೆದೆನಲ್ಲ ಎಂದೆ. ಅವನು ಕಂಪ್ಯೂಟರನ್ನು ಚಳಿಗಾಲದಲ್ಲಿ ಮಾತ್ರ ತೆರೆಯುತ್ತಾನಂತೆ, ಬೇಸಿಗೆಯಲ್ಲಿ ತೋಟದ ಕೆಲಸವಂತೆ. ಅದಕ್ಕೂ ಒಂದು ಸಲ ಕೂಗಬೇಕು ಎನಿಸಿತು. ಗಂಟಲು ಉಳಿದಿರಲಿಲ್ಲ.

ಅಣ್ಣ ಅಷ್ಟು ಹೊತ್ತಿಗೆ ಒಂದು ಚೂರು ಹಿಡಿದು, ಅದರ ಮೇಲೆ ಉಗುಳಿ, ಒರೆಸಿ ನೋಡುತ್ತಿದ್ದ. ತಟ್ಟನೆ ಎದ್ದ.

"ಸುಜಿ, ನೀರ್ ಬೇಕು. ಭಾಳ ನೀರ್ ಬೇಕು. ಇವುಕ್ಕ ನೀರ್ ಹಾಕಿದ್ರ ಹಳದಿ ಆಗ್ತಾವ. ನಮ್ಮ ಕಲ್ಲು ಏನಾಗ್ತದ?"

"ನೀಲಿ," ಎಂದೆ. ಶಹಾಬಾದಿನಲ್ಲಿ ಅಂಗಳ ತೊಳೆದ ಹೊತ್ತಿನ ಬಣ್ಣ.

ಯೋಸೆಫ್ ಮನೆಗೆ ಹೋಗಿ ತೋಟಕ್ಕೆ ನೀರು ಹಾಕುವ ಎರಡು ದೊಡ್ಡ ಝಾರಿ ತಂದ. ಭಾನುವಾರ ತೋಟದ ಕೆಲಸವೂ ಮಾಡಬಾರದಂತೆ, ದಾರಿಯುದ್ದಕ್ಕೂ ಕಿಟಕಿಗಳು ತೆರೆದುಕೊಂಡವು. ಒಂಬತ್ತು ಸಲ ಹೋಗಿ ಬಂದ. ನಾನು ಸುರಿದೆ, ಅಣ್ಣ ಮಂಡಿಯೂರಿ ಕೂತು ಮೊಳ ಮೊಳ ಜಾಗ ನೋಡಿದ. ನನ್ನ ಸಿಟ್ಟು ಹಾಗೇ ಇತ್ತು, ನೀರನ್ನು ಅವನ ಕೈಯ ಮೇಲೇ ಸುರಿಯುತ್ತಿದ್ದೆ.

ಎರಡೂವರೆ ತಾಸಾದ ಮೇಲೆ ಅಣ್ಣ ತನ್ನ ಮಂಡಿಯ ಪಕ್ಕದಿಂದ ಒಂದು ಚೂರು ಎತ್ತಿದ. ಕೆನೆ ಬಣ್ಣದ ನಡುವೆ ಅದೊಂದೇ ಕಡು ನೀಲಿ. ತಿರುಗಿಸಿ ನೋಡಿದ, ನನಗೆ ಕೊಡಲಿಲ್ಲ. ಅಲ್ಲೇ ಗೊತ್ತಾಯಿತು. ಕಲ್ಲು ಮುರಿದಿತ್ತು. ಒಂದಿಂಚಿನ ಗೆರೆ ಉಳಿದಿತ್ತು, ಒಂದೂವರೆಯ ತುದಿ ಹೋಗಿತ್ತು. ಆ ತುದಿಯನ್ನು ಕತ್ತಲಾಗುವವರೆಗೂ ಹುಡುಕಿದೆವು. ಸಿಗಲಿಲ್ಲ.

ಹೋಗುವಾಗ ಯೋಸೆಫ್ ಹೆಸರಿನ ಪುಸ್ತಕ ನೀಡಿದ. ಬರೆದೆ. ಅಣ್ಣನೂ ಬರೆದ, ಕನ್ನಡದಲ್ಲಿ, ಕೆಳಗೆ ಒಂದು ಸಾಲು ಸೇರಿಸಿ: 'ಪರ್ಸಿ ನಿಂದ್ರಸಿ ಇಡ್ರಿ.'

ಶಹಾಬಾದ್

ಅಣ್ಣನ ಮನೆ ಮುಂದಿನ ಕಟ್ಟೆಯ ಮೇಲೆ ಅಪ್ಪ ಕೂತಿದ್ದ. "ಬಂದರೇನು," ಎಂದು ಅಣ್ಣನನ್ನು ಕೇಳಿದ. ನಾನು ಹೋಗಿ ಕಲ್ಲನ್ನು ಅವನ ಅಂಗೈಯಲ್ಲಿ ಇಟ್ಟೆ. ಅವನ ಬೆರಳು ಈಗ ಪೂರ್ತಿ ಮಡಚುವುದಿಲ್ಲ. ಹೆಬ್ಬೆರಳಿನ ಉಗುರಿನಿಂದ ಗೆರೆ ತಡವಿದ. ಒಂದು ಸಿಕ್ಕಿತು. ಇನ್ನೊಂದಕ್ಕೆ ಹೋದ ಉಗುರು ಮುರಿದ ಅಂಚಿನಲ್ಲಿ ನಿಂತಿತು.

"ಒಂದೂವರಿದು ಎಲ್ಲದ?"

"ಮುರದದ ಅಪ್ಪಾ," ಎಂದ ಅಣ್ಣ.

"ಯಾರ್ ಮುರದಾರ?"

ಅಣ್ಣ ತನ್ನ ಚಪ್ಪಲಿ ನೋಡತೊಡಗಿದ. ನಾನೇನು ದೇವತೆಯಲ್ಲ, ಮುಚ್ಚಿಡಲಿಲ್ಲ. "ಅಣ್ಣ ಮುರದಾನ. ಪೆಟಗಿ ಸಮೇತ ತಿಪ್ಪಿಗಿ ಒಗದಾನ. ಕೇಳು," ಎಂದೆ.

ಅಪ್ಪ ಅಣ್ಣನನ್ನೇ ನೋಡಿದ. "ಯಾಕ ಒಗದಿ?"

"ಪೊಳ್ಳ ಇತ್ತಪ್ಪಾ. ಭದ್ ಅಂತು."

"ಎಷ್ಟ್ ಸಲ ಬಡದಿ?"

"ಎರಡ್ ಸಲ. ಆ ಕಡಿ ಒಮ್ಮಿ, ಈ ಕಡಿ ಒಮ್ಮಿ."

"ಮತ್ತ ಒಗೀಲಾರ್ದ ಮನೀಗಿ ತರ್ತಾರೇನು? ಬರೋಬ್ಬರಿ ಮಾಡೀದಿ," ಎಂದ ಅಪ್ಪ. ಆಮೇಲೆ ಕುತ್ತಿಗೆ ತಿರುಗಿಸಿ, ಆರು ವರ್ಷದ ಮೇಲೆ, ನನ್ನ ಮುಖ ನೋಡಿದ.

"ಏ ಸುಜಿ. ಪೊಳ್ಳ ಕಲ್ಲಿನಾಗ ನನ್ನ ಅಳತಿ ಇಡ್ತಾರೇನಾ? ಯಾವೂರ ದಿಮಾಕ್ ನಿಂದು?"

ಅಪ್ಪ ನನ್ನೊಡನೆ ಮಾತಾಡಿದ್ದ! ಆ ಹಿಗ್ಗು ಒಂದೇ ಕ್ಷಣ. ಮರುಕ್ಷಣ ರಕ್ತ ನೆತ್ತಿಗೇರಿತು. ಅದರಲ್ಲಿ ಇಟ್ಟವಳು ನಾನಾ? ವಿಯೆನ್ನಾದಿಂದ ಯಾರೋ ತಂದು ಇಟ್ಟದ್ದು! ಎಸೆದವನಿಗೆ ಶಾಭಾಸ್, ಎರಡೂವರೆ ತಾಸು ನೀರು ಸುರಿದವಳಿಗೆ ಬೈಗುಳ! ಓಣಿ ಕೇಳುವಂತೆ ಕೂಗಿದೆ. ಅಪ್ಪನೂ ಕೂಗಿದ. ಕೇಳದೆ ಒಯ್ದದ್ದು, ಊರೂರು ತಿರುಗಿಸಿದ್ದು, ಹೋದ ದೀಪಾವಳಿಗೆ ನಾನು ತಂದ ಅಂಗಿ ಬಿಗಿಯಾದದ್ದು, ಎಲ್ಲ ಬಂತು. ಅತ್ತಿಗೆ ಒಳಗಿಂದ "ಚಾ ಆರ್ಲಿಕತ್ತದ, ಕುಡದ್ ಜಗಳಾಡ್ರಿ" ಎಂದಳು. ಯಾರೂ ಕುಡಿಯಲಿಲ್ಲ.

ಕೊನೆಗೆ ಅಪ್ಪ ಅಣ್ಣನ ಕೈಲಿ ಕಾರ್ಖಾನೆಯಿಂದ ಒಂದು ಹೊಸ ಚೂರು ತರಿಸಿ, ಉಳಿ ಜೊತೆ ನನ್ನ ಮುಂದೆ ಹಾಕಿದ. "ಹಳೀದರ ಮ್ಯಾಲಿಂದ ಒಂದಿಂಚ್ ಇಳಸಿಕೋ. ಒಂದೂವರಿ ನೀ ಎಳಿ. ನೀ ಕಳದಿ, ನೀ ಎಳಿ."

ಚೀಲದಿಂದ ನನ್ನ ಸ್ಟೀಲ್ ಟೇಪು ತೆಗೆದು, ಅಳೆದು, ಗೆರೆ ಎಳೆದು ಕೊಟ್ಟೆ. ಅಪ್ಪ ಉಗುರು ಆಡಿಸಿದ. "ತಪ್ಪದ. ಕೂದಲೆಳಿ ಹೆಚ್ಚದ."

ಟೇಪು ಹಚ್ಚಿ ತೋರಿಸಿದೆ. ಸರಿಯಾಗಿ ಒಂದೂವರೆ. "ಟೇಪೇ ತಪ್ಪದ," ಎಂದ.

ಇಪ್ಪತ್ಮೂರು ವರ್ಷ ಆ ಟೇಪಿನಿಂದ ಜನರ ಹೊಲ ಅಳೆದಿದ್ದೇನೆ! ಇನ್ನೊಂದು ಚೂರು, ಇನ್ನೊಂದು ಗೆರೆ. ಅದೂ ತಪ್ಪು. ಮೂರನೆಯದೂ ತಪ್ಪು. "ನಾಳಿ ಬಾ. ಮುಂಜಾನಿ ಜಲ್ದಿ ಬಾ, ಬಿಸಲಾಗ ನಿನಗ ತಲಿ ನಡ್ಯಂಗಿಲ್ಲ," ಎಂದ.

ಹನ್ನೊಂದು ದಿನದಿಂದ ಕೆಲಸಕ್ಕೆ ಹೋಗುವ ಮೊದಲು ಶಹಾಬಾದಿಗೆ ಹೋಗುತ್ತಿದ್ದೇನೆ. ದಿನಾ ಒಂದು ಚೂರು, ದಿನಾ ತಪ್ಪು, ದಿನಾ ಜಗಳ. ಅಣ್ಣನ ಕಟ್ಟೆಯ ಮೇಲೆ ಹದಿಮೂರು ಕಲ್ಲು ಸಾಲಾಗಿ ಬಿದ್ದಿವೆ, ಹದಿಮೂರರಲ್ಲೂ ಸರಿಯಾಗಿ ಒಂದೂವರೆ ಇಂಚು. ನಾಳೆಯೂ ಹೋಗುತ್ತೇನೆ. ನಮ್ಮಪ್ಪನ ಬಾಯಿಂದ "ಬರೋಬ್ಬರಿ ಅದ" ಎನ್ನಿಸದೆ ಬಿಡುವವಳಲ್ಲ ನಾನು. ಅವನೂ ಅಷ್ಟು ಸುಲಭಕ್ಕೆ ಅನ್ನುವವನಲ್ಲ.